ಮನೆ ಕಾರ್ಯಾಗಾರಕ್ಕೆ ಲೇತ್ ಯಂತ್ರ: ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ರೈತರಿಗೆ ಖರೀದಿ ಮಾರ್ಗದರ್ಶಿ

ಕರಾವಳಿಯಲ್ಲಿ ಪವರ್ ಟಿಲ್ಲರ್ ಗದ್ದೆಗೆ ಇಳಿಯುವ ಜೂನ್ ತಿಂಗಳಿನಲ್ಲಿಯೇ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆ ನಿಷೇಧವೂ ಆರಂಭವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಈ ಅವಧಿಯಲ್ಲಿ ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡ, ಕುಮಟಾದ ತದಡಿ ಬಂದರುಗಳ ದೋಣಿಗಳು ದುರಸ್ತಿಗೆ ಬರುತ್ತವೆ. ದೋಣಿಯ ಪ್ರೊಪೆಲ್ಲರ್ ಶಾಫ್ಟ್ ಮತ್ತು ರೈತನ ಟಿಲ್ಲರ್ ಬುಷ್ ಒಂದೇ ಲೇತ್ ಅಂಗಡಿಗೆ ತಲುಪಿದಾಗ ಸಣ್ಣ ಕೆಲಸ ಹಿಂದೆ ಬೀಳುವುದು ಸಹಜ. ಒಂದು ಗನ್‌ಮೆಟಲ್ ಬುಷ್‌ಗಾಗಿ ವಾರ ಕಾದರೆ ನಾಟಿಯ ಹದ ತಪ್ಪುತ್ತದೆ. ಬೇಸಾಯಶಾಸ್ತ್ರದವರು ಲೇತ್ ಯಂತ್ರದ ಕುರಿತು ಬರೆಯಲು ಇದೇ ಕಾರಣ.

ಯಾರಿಗೆ ಸೂಕ್ತ?

ಎರಡು-ಮೂರು ಎಕರೆ ಜಮೀನಿನ ಒಬ್ಬ ರೈತನಿಗೆ ಸ್ವಂತ ಲೇತ್ ಲಾಭದಾಯಕವಲ್ಲ. ಆರೆಂಟು ಮನೆಗಳು ಸೇರಿ ಕೊಳ್ಳುವುದಾದರೆ, ಅಥವಾ ಮನೆಯಲ್ಲಿ ಐಟಿಐ ಟರ್ನರ್ ತರಬೇತಿ ಪಡೆದವರಿದ್ದು ನೆರೆಹೊರೆಯ ಕೆಲಸವನ್ನೂ ವಹಿಸಿಕೊಳ್ಳುವುದಾದರೆ ಮಾತ್ರ ಮುಂದುವರಿಯಿರಿ. ಯಂತ್ರ ಬಂದ ಮೇಲೆ ಕಲಿಯೋಣ ಎಂಬ ಆಲೋಚನೆ ಬೇಡ. ಟರ್ನರ್ ವೃತ್ತಿಯ ಐಟಿಐ ತರಬೇತಿಯೇ ಎರಡು ವರ್ಷದ್ದು.

ಗಾತ್ರದ ಆಯ್ಕೆ

ನಮ್ಮ ಮಾರುಕಟ್ಟೆಯಲ್ಲಿ ಲೇತ್ ಯಂತ್ರವನ್ನು ಬೆಡ್‌ನ ಉದ್ದದ ಲೆಕ್ಕದಲ್ಲಿ ಮಾರುತ್ತಾರೆ. ಇದರಿಂದ ಹೊಸಬರಿಗೆ ಗೊಂದಲವಾಗುತ್ತದೆ. 6 ಅಡಿ ಲೇತ್ ಎಂದರೆ 6 ಅಡಿ ಉದ್ದದ ಶಾಫ್ಟ್ ಹಿಡಿಯುತ್ತದೆ ಎಂದಲ್ಲ. ಹೆಡ್‌ಸ್ಟಾಕ್, ಟೇಲ್‌ಸ್ಟಾಕ್‌ಗಳು ಕುಳಿತ ಬಳಿಕ ಎರಡು ಸೆಂಟರ್‌ಗಳ ನಡುವೆ ಉಳಿಯುವುದು ಸುಮಾರು 3 ಅಡಿ. ನಾಲ್ಕೂವರೆ ಅಡಿಯ ಯಂತ್ರದಲ್ಲಿ ಸುಮಾರು 2 ಅಡಿ. ಮಾನೋಬ್ಲಾಕ್ ಪಂಪಿನ ಶಾಫ್ಟ್, ಕಳೆ ಕತ್ತರಿಸುವ ಯಂತ್ರದ ಬಿಡಿಭಾಗ, ಅಡಿಕೆ ಸುಲಿಯುವ ಯಂತ್ರದ ಪುಲ್ಲಿ ಇಷ್ಟೇ ಕೆಲಸವಾದರೆ ನಾಲ್ಕೂವರೆ ಅಡಿಯದು ಸಾಕು. ಟಿಲ್ಲರ್ ಆಕ್ಸಲ್, ಕಬ್ಬಿನ ಗಾಣದ ಶಾಫ್ಟ್ ಮುಂತಾದವುಗಳಿಗೆ 6 ಅಡಿಯದೇ ಬೇಕು. ಗ್ಯಾಪ್ ಬೆಡ್ ಇದ್ದರೆ ದೊಡ್ಡ ಪುಲ್ಲಿಯನ್ನೂ ಕಟ್ಟಬಹುದು. ಸ್ಪಿಂಡಲ್‌ನ ರಂಧ್ರ 38 ಮಿ.ಮೀ.ಗಿಂತ ಕಡಿಮೆ ಇರಬಾರದು, ಉದ್ದನೆಯ ಸಲಾಕೆ ಅದರ ಮೂಲಕವೇ ಹಾದುಹೋಗಬೇಕಾಗುತ್ತದೆ. ಆನ್‌ಲೈನ್‌ನಲ್ಲಿ ದೊರೆಯುವ ಮೇಜಿನ ಮೇಲಿಡುವ ಮಿನಿ ಲೇತ್‌ಗಳು ಕೃಷಿ ಯಂತ್ರಗಳ ದುರಸ್ತಿಗೆ ತಕ್ಕವಲ್ಲ.

ಪೈಪಿನ ಥ್ರೆಡ್ (ಅರ್ಧ ಮತ್ತು ಮುಕ್ಕಾಲು ಇಂಚಿಗೆ ಇಂಚಿಗೆ 14 ಹಲ್ಲು, 1 ಇಂಚು ಮತ್ತು ಮೇಲ್ಪಟ್ಟವುಗಳಿಗೆ 11) ಹಾಗೂ ಮಿ.ಮೀ. ಅಳತೆಯ ಬೋಲ್ಟ್ ಎರಡನ್ನೂ ಕತ್ತರಿಸಬೇಕಾಗುವುದರಿಂದ ಚೇಂಜ್ ಗೇರ್‌ಗಳ ಪೂರ್ಣ ಸೆಟ್ ಕೇಳಿ ಪಡೆಯಿರಿ. ಲೀಡ್ ಸ್ಕ್ರೂ ಇಂಚಿನದಾಗಿದ್ದರೆ ಮಿ.ಮೀ. ಥ್ರೆಡ್ ನಿಖರವಾಗಿ ಬರಲು 127 ಹಲ್ಲಿನ ಗೇರ್ ಅವಶ್ಯ. ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಳೆದುಹೋಗಿರುವುದು ಇದೇ.

ಹೊಸದೋ, ಹಳೆಯದೋ?

ಹೊಸ ಹಗುರ ಲೇತ್‌ಗಳು ಹೆಚ್ಚಾಗಿ ಪಂಜಾಬಿನ ಬಟಾಲಾ, ಲೂಧಿಯಾನಾ ಮತ್ತು ಗುಜರಾತಿನ ರಾಜಕೋಟ್‌ನಿಂದ ಬರುತ್ತವೆ. 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಈಗ ಮುಚ್ಚಿರುವ ಮೈಸೂರು ಕಿರ್ಲೋಸ್ಕರ್ ಹಾಗೂ 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ ತಯಾರಿಸಿದ ಲೇತ್‌ಗಳು ಹಳೆಯ ಯಂತ್ರಗಳ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಎಚ್‌ಎಂಟಿಯ ದೊಡ್ಡ ಮಾದರಿಗಳು ಗಟ್ಟಿಮುಟ್ಟಾದವು. ಆದರೆ ಅವುಗಳ ತೂಕವೂ ಮೋಟಾರಿನ ಅಗತ್ಯವೂ ಮನೆ ಕಾರ್ಯಾಗಾರಕ್ಕೆ ಹೆಚ್ಚಾಗುತ್ತವೆ. ಬೆಡ್ ಸವೆಯದ ಹಳೆಯ ಯಂತ್ರವು ಅಗ್ಗದ ಹೊಸ ಯಂತ್ರಕ್ಕಿಂತ ಮೇಲು ಎಂಬುದು ಈ ಲೇಖಕರ ಅಭಿಪ್ರಾಯ. ಬೆಡ್ ಸವೆದಿದ್ದರೆ ಯಾವ ಹೆಸರಿದ್ದರೂ ಬೇಡ. ಹೊಸ ಬಣ್ಣ ನೋಡಿ ಮರುಳಾಗಬೇಡಿ.

ಪರೀಕ್ಷಿಸುವ ಕ್ರಮ

ಬೆಡ್ ಹೆಚ್ಚು ಸವೆಯುವುದು ಚಕ್‌ನ ಸಮೀಪ. ಸ್ಯಾಡಲ್ ಅನ್ನು ಚಕ್‌ನ ಬಳಿ ತುಸು ಬಿಗಿ ಮಾಡಿ ಟೇಲ್‌ಸ್ಟಾಕ್ ಕಡೆಗೆ ಓಡಿಸಿ. ಹೋಗುತ್ತ ಹೋಗುತ್ತ ಸಿಕ್ಕಿಕೊಂಡರೆ ಚಕ್‌ನ ಬಳಿ ಬೆಡ್ ತಗ್ಗಿದೆ ಎಂದರ್ಥ. ಅನಂತರ ಚಕ್‌ನಲ್ಲಿ ದಪ್ಪ ಮರದ ತುಂಡು ಹಿಡಿಸಿ ಮೇಲಕ್ಕೆ ಎತ್ತಿ ನೋಡಿ. ಸ್ಪಿಂಡಲ್ ಅಲುಗಿದರೆ ಬೇರಿಂಗ್ ಹೊಂದಿಸಬೇಕು ಇಲ್ಲವೇ ಬದಲಿಸಬೇಕು. ಡಯಲ್ ಗೇಜ್ ಇದ್ದವರು ಸ್ಪಿಂಡಲ್ ಮೂತಿಗೆ ಹಚ್ಚಿ ತಿರುಗಿಸಿದಾಗ ಮುಳ್ಳು 0.02 ಮಿ.ಮೀ.ಗಿಂತ ಹೆಚ್ಚು ಆಡಬಾರದು.

ಕೊನೆಯದಾಗಿ ಕತ್ತರಿಸಿ ನೋಡದೆ ಹಣ ಕೊಡಬೇಡಿ. 25 ಮಿ.ಮೀ. ದಪ್ಪದ ಸಲಾಕೆಯನ್ನು ಟೇಲ್‌ಸ್ಟಾಕ್ ಆಧಾರವಿಲ್ಲದೆ 100 ಮಿ.ಮೀ. ಉದ್ದಕ್ಕೆ ತೆಳುವಾಗಿ ಕತ್ತರಿಸಿ, ಎರಡೂ ತುದಿಗಳನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ವ್ಯತ್ಯಾಸ 0.02 ಮಿ.ಮೀ. ಒಳಗಿದ್ದರೆ ಉತ್ತಮ, 0.05 ದಾಟಿದರೆ ಕಾರಣ ಕೇಳಿ. ಯಂತ್ರ ಸಮತಟ್ಟಾಗಿ ಕೂರದೆ ಬೆಡ್ ತಿರುಚಿದ್ದರೂ ಇಂತಹ ವ್ಯತ್ಯಾಸ ಬರುತ್ತದೆ, ಅದನ್ನು ಸರಿಪಡಿಸಬಹುದು. ಥ್ರೆಡ್ ಒಂದನ್ನೂ ಕತ್ತರಿಸಿ ನೋಡಿದರೆ ಹಾಫ್ ನಟ್‌ನ ಸವೆತ ತಿಳಿಯುತ್ತದೆ. ಟ್ರೂ ಚಕ್ (ಮೂರು ದವಡೆ), ಡಾಗ್ ಚಕ್ (ನಾಲ್ಕು ದವಡೆ) ಎರಡೂ ಬರಬೇಕು. ಸವೆದ ಶಾಫ್ಟ್ ಹಿಡಿಯಲು ಡಾಗ್ ಚಕ್ ಇಲ್ಲದೆ ಆಗದು. ಒಟ್ಟು ಹಣದ ಮೂರನೆಯ ಒಂದು ಭಾಗವನ್ನು ಟೂಲ್, ಡ್ರಿಲ್, ಅಳತೆಯ ಸಾಧನಗಳಿಗೆ ತೆಗೆದಿಡಿ.

ವಿದ್ಯುತ್

ಕೃಷಿ ಪಂಪ್‌ಸೆಟ್‌ಗೆ ಪಡೆದ ಸಂಪರ್ಕದಿಂದ ಲೇತ್ ಓಡಿಸುವುದು ಅನಧಿಕೃತ ಬಳಕೆ. ವಿದ್ಯುತ್ ಕಾಯ್ದೆ 2003ರ 126ನೆಯ ಕಲಮಿನಡಿ ಅನ್ವಯವಾಗುವ ದರದ ಎರಡು ಪಟ್ಟು ವಸೂಲಾಗುತ್ತದೆ. ಹೆಸ್ಕಾಂ ಉಪವಿಭಾಗದಲ್ಲಿ ಪ್ರತ್ಯೇಕ ಸಂಪರ್ಕಕ್ಕೆ ಅರ್ಜಿ ಸಲ್ಲಿಸಿ. ಮೂರು ಫೇಸ್ ದೊರೆಯದ ಕಡೆ 2 ಎಚ್‌ಪಿ ವರೆಗಿನ ಮೋಟಾರನ್ನು ಸಿಂಗಲ್ ಫೇಸ್‌ನಿಂದ ವಿಎಫ್‌ಡಿ ಮೂಲಕ ಓಡಿಸಬಹುದು. ಆಗ ಮೋಟಾರಿನ ಸ್ಟಾರ್ ಜೋಡಣೆಯನ್ನು ಎಲೆಕ್ಟ್ರಿಷಿಯನ್‌ರಿಂದ ಡೆಲ್ಟಾಕ್ಕೆ ಬದಲಿಸಬೇಕು. ಅರ್ಥಿಂಗ್ ಕಡ್ಡಾಯ.

ಸಾಗಣೆ ಮತ್ತು ತುಕ್ಕಿನ ನಿಯಂತ್ರಣ

ಖರೀದಿಯನ್ನು ಏಪ್ರಿಲ್ ಒಳಗೆ ಮುಗಿಸಿ. ಹುಬ್ಬಳ್ಳಿಯಿಂದ ಅರಬೈಲು ಘಟ್ಟವಾಗಲಿ, ಶಿರಸಿಯಿಂದ ದೇವಿಮನೆ ಘಟ್ಟವಾಗಲಿ ಮಳೆಗಾಲದಲ್ಲಿ ಅರ್ಧ ಟನ್ ಮೀರಿದ ಯಂತ್ರದ ಸಾಗಣೆಗೆ ತಕ್ಕ ದಾರಿಯಲ್ಲ. ಮನೆಯ ದಾರಿಯಲ್ಲಿ ಸಂಕ ಇದ್ದರೆ ಮೊದಲೇ ನೋಡಿಕೊಳ್ಳಿ. ಹೆಡ್‌ಸ್ಟಾಕ್ ಬದಿ ಭಾರ ಹೆಚ್ಚಿರುವುದರಿಂದ ಎತ್ತುವ ಹಗ್ಗ ಆ ಕಡೆಗೆ ಸರಿದಿರಬೇಕು.

ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ, ಗಾಳಿಯಲ್ಲಿ ಉಪ್ಪಿರುವ ಈ ಪ್ರದೇಶದಲ್ಲಿ ಲೇತ್‌ನ ಆಯುಷ್ಯವನ್ನು ಕೆಲಸಕ್ಕಿಂತ ತುಕ್ಕೇ ನಿರ್ಧರಿಸುತ್ತದೆ. ಕೃಷಿಕರ ಮನೆಯಲ್ಲಿ ಇನ್ನೊಂದು ಅಪಾಯವಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸಲು ತಂದ ಮೈಲುತುತ್ತ, ಪೊಟ್ಯಾಷ್, ಯೂರಿಯಾ ಚೀಲಗಳಿರುವ ಕೊಠಡಿಯಲ್ಲಿ ಲೇತ್ ಇಡಲೇಬಾರದು. ಮೈಲುತುತ್ತ ಮತ್ತು ಪೊಟ್ಯಾಷ್ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತವೆ. ಕೊಟ್ಟಿಗೆಯ ಅಮೋನಿಯಾ ಆವಿಯೂ ತಾಮ್ರ, ಹಿತ್ತಾಳೆಯ ಭಾಗಗಳಿಗೆ ಹಾನಿಕರ. ಕಾಂಕ್ರೀಟ್ ನೆಲದ, ಗಾಳಿಯಾಡುವ, ಇರಚಲು ಬಾರದ ಪ್ರತ್ಯೇಕ ಕೋಣೆ ಬೇಕು. ಪ್ರತಿ ಸಂಜೆ ಬೆಡ್ ಒರೆಸಿ 68ನೇ ದರ್ಜೆಯ ಸ್ಲೈಡ್‌ವೇ ಎಣ್ಣೆ ಸವರಿ ಹತ್ತಿಬಟ್ಟೆ ಹೊದೆಸಿ. ಪ್ಲಾಸ್ಟಿಕ್ ಹಾಳೆ ನೇರವಾಗಿ ಹೊದೆಸಿದರೆ ಒಳಗೇ ಬೆವರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಕೆಲಸವಿಲ್ಲದಿದ್ದರೆ ಬೆಡ್ ಹಾಗೂ ಲೀಡ್ ಸ್ಕ್ರೂಗೆ ಗ್ರೀಸ್ ಬಳಿಯಿರಿ.

ಪಂಚೆ, ಲುಂಗಿ ಉಟ್ಟು, ಹೆಗಲ ಮೇಲೆ ಟುವಾಲು ಹಾಕಿಕೊಂಡು ಅಥವಾ ಕೈಗವಸು ತೊಟ್ಟು ಲೇತ್ ಮುಂದೆ ನಿಲ್ಲಬಾರದು. ಚಕ್ ಕೀಲಿಯನ್ನು ಚಕ್‌ನಲ್ಲಿಯೇ ಬಿಟ್ಟು ಸ್ವಿಚ್ ಹಾಕಬಾರದು. ಕೆಲಸ ಮುಗಿದ ಬಳಿಕ ಮೇನ್ ಸ್ವಿಚ್ ತೆಗೆದು ಕೋಣೆಗೆ ಬೀಗ ಹಾಕಿ, ಮಕ್ಕಳಿರುವ ಮನೆಯಲ್ಲಿ ಇದನ್ನು ಒಂದು ದಿನವೂ ತಪ್ಪಿಸಬೇಡಿ.