ಭೀಮಾತೀರದ ಹಸಿರು ಬೇಲಿಗಳು

ಹಿತ್ತಲಿಗೆ ಮರೆ ಬೇಕು, ಹೊಲಕ್ಕೆ ಕಾವಲು ಬೇಕು. ಈ ಎರಡು ಅವಶ್ಯಕತೆಗಳನ್ನೂ ಒಂದೇ ಉಪಾಯದಿಂದ ನೆರವೇರಿಸುವ ಹಸಿರುಬೇಲಿಯು ಬಹು ಪ್ರಾಚೀನವಾದುದು. ಮನುಸ್ಮೃತಿಯ 8ನೆಯ ಅಧ್ಯಾಯವು ಹೊಲದ ಬೇಲಿಯ ಲಕ್ಷಣವನ್ನು ಹೇಳುವಾಗ, ಒಂಟೆಯು ಮೇಲಿನಿಂದ ಇಣಿಕಿ ನೋಡಲಾರದಷ್ಟು ಎತ್ತರ ಅದಕ್ಕಿರಬೇಕೆಂದೂ, ನಾಯಿ ಹಂದಿಗಳು ಮೂತಿಯನ್ನು ತೂರಿಸುವಂತಹ ಕಂಡಿಯು ಅದರಲ್ಲಿ ಎಲ್ಲಿಯೂ ಉಳಿಯಬಾರದೆಂದೂ ವಿಧಿಸುತ್ತದೆ. ಮೇಲೆ ದೃಷ್ಟಿಗೆ ತಡೆ, ಕೆಳಗೆ ಪ್ರವೇಶಕ್ಕೆ ತಡೆ; ಬೇಲಿಯ ಪರೀಕ್ಷೆಗಳು ಇಂದಿಗೂ ಇವೆರಡೇ. ಆದರೆ ಚರಿತ್ರೆಯು ಇವಕ್ಕೆ ಮೂರನೆಯ ಪರೀಕ್ಷೆಯೊಂದನ್ನು ಸೇರಿಸಿಕೊಟ್ಟಿದೆ. ಆ ಪಾಠವನ್ನು ನಾಡು ಕಲಿತುದು ನಷ್ಟವನ್ನು ಅನುಭವಿಸಿದ ಮೇಲೆ.

ಮನೆಗೆ ಬೇಲಿಯಿದ್ದಂತೆ ರಾಜ್ಯಕ್ಕೆ ಅರಣ್ಯವಿತ್ತು. ಕೌಟಿಲ್ಯನು ಹೇಳುವ ನಾಲ್ಕು ಬಗೆಯ ದುರ್ಗಗಳಲ್ಲಿ ವನದುರ್ಗವೂ ಒಂದು. ಆಳಂದಕ್ಕೆ ಸಮೀಪವಾದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವು ದುರ್ಗಗಳ ಮಾತನ್ನೂ ಉದ್ಯಾನಗಳ ಮಾತನ್ನೂ ಒಂದೇ ಗ್ರಂಥದೊಳಗೆ ಹೇಳುತ್ತದೆ. ಗಿಡವು ಭೋಗಕ್ಕೂ ಹೌದು, ರಕ್ಷಣೆಗೂ ಹೌದು ಎಂಬುದು ಅಂದಿನವರಿಗೆ ಅಪರಿಚಿತವಾಗಿರಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಭೀಮೆಯ ಮತ್ತು ಅದರ ಉಪನದಿಯಾದ ಅಮರ್ಜೆಯ ಆಸುಪಾಸಿನ ಎರೆನಾಡು. ಮಳೆಗಾಲದಲ್ಲಿ ಈ ಕರಿಮಣ್ಣು ನೀರನ್ನು ಹಿಡಿದು ಕೆಸರಾಗುವುದು. ಬೇಸಗೆಯಲ್ಲಿ ಬಾಯ್ದೆರೆದು ಬೇರುಗಳನ್ನು ಹರಿಯುವುದು. ಇಂತಹ ನೆಲದಲ್ಲಿ ಕಂಡ ಕಂಡ ಗಿಡವೆಲ್ಲ ಬೇಲಿಯಾಗಿ ನಿಲ್ಲಲಾರದು. ಆದುದರಿಂದ ಅನುಕೂಲವುಳ್ಳವರು ಕಲ್ಲುಮಣ್ಣಿನ ಗೋಡೆಗಳನ್ನು ಎತ್ತಿಸಿದರು. ಉಳಿದವರು ತೊಗರಿಕಟ್ಟಿಗೆಯ ತಟ್ಟಿಗಳಿಂದಲೂ ಕಡಿದ ಜಾಲಿಯ ಮುಳ್ಳಿನಿಂದಲೂ ಮರೆಯನ್ನು ಕಟ್ಟಿಕೊಂಡರು. ಒಣಬೇಲಿಗೆ ಗೆದ್ದಲು ಹತ್ತುವುದು, ಬೆಂಕಿಯ ಭಯವೂ ಉಂಟು. ಅದನ್ನು ಮತ್ತೆ ಮತ್ತೆ ಹೊಸದಾಗಿ ಕಟ್ಟಬೇಕು. ಬದುಕಿರುವ ಬೇಲಿಯಾದರೋ ವರ್ಷದಿಂದ ವರ್ಷಕ್ಕೆ ಬಲಿಯುತ್ತದೆ.

ಇದರ ಅತಿ ದೊಡ್ಡ ಪ್ರಯೋಗವು ನಡೆದುದು ಉತ್ತರ ಹಿಂದೂಸ್ಥಾನದಲ್ಲಿ. ಉಪ್ಪಿನ ಸುಂಕವನ್ನು ತಪ್ಪಿಸುವವರನ್ನು ತಡೆಯಲು ಆಂಗ್ಲ ಸರಕಾರವು ಸಿಂಧೂನದಿಯ ಕಡೆಯಿಂದ ಮಹಾನದಿಯವರೆಗೆ ಸುಮಾರು 2,300 ಮೈಲಿಗಳ ಸುಂಕದ ಗಡಿಯನ್ನು ಏರ್ಪಡಿಸಿತ್ತು. ಅದರ ಬಹುಭಾಗದಲ್ಲಿ ಮುಳ್ಳಿನ ಬೇಲಿಯೇ ಗೋಡೆಯಾಗಿತ್ತು. ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬನೆಂದು ಪ್ರಸಿದ್ಧನಾದ ಅಲನ್ ಆಕ್ಟೇವಿಯನ್ ಹ್ಯೂಮನು 1867ರಿಂದ 1870ರವರೆಗೆ ಇದರ ಅಧಿಕಾರಿಯಾಗಿದ್ದು, ಒಣಬೇಲಿಯ ಸ್ಥಾನದಲ್ಲಿ ಹಸಿರುಬೇಲಿಯನ್ನು ಬೆಳೆಸತೊಡಗಿದನು. ಬಾರಿ, ಕರಿಜಾಲಿ, ಕವಳಿ, ಕಳ್ಳಿ, ಪಾಪಾಸುಕಳ್ಳಿಗಳನ್ನು ಆಯಾ ನೆಲಕ್ಕೆ ತಕ್ಕಂತೆ ಆರಿಸಿ, ನೀರು ನಿಲ್ಲುವಲ್ಲಿ ಒಡ್ಡು ಹಾಕಿ, ಆ ಒಡ್ಡಿನ ಮೇಲೆ ನೆಡಿಸಲಾಯಿತು. ಚೆನ್ನಾಗಿ ಬೆಳೆದ ಕಡೆ ಬೇಲಿಯು 10ರಿಂದ 14 ಅಡಿ ಎತ್ತರಕ್ಕೆ ಏರಿತು. ಬಡವನ ಉಪ್ಪಿಗೆ ಅಡ್ಡವಾಗಿದ್ದ ಈ ಗಡಿಯನ್ನು 1879ರ ಏಪ್ರಿಲ್ 1ರಂದು ರದ್ದುಪಡಿಸಿದುದು ಉಚಿತವೇ ಆಯಿತು. ಆದರೆ ಮಣ್ಣನ್ನು ನೋಡಿ ಗಿಡವನ್ನು ಆರಿಸುವ ಅದರ ಕ್ರಮವು ಎರೆನಾಡಿನವರಿಗೂ ಗ್ರಾಹ್ಯವಾದುದು.

ಆ ಪಟ್ಟಿಯಲ್ಲಿದ್ದ ಪಾಪಾಸುಕಳ್ಳಿಯು ಅಮೆರಿಕದಿಂದ ಬಂದುದು. ಕೆಂಪು ಬಣ್ಣವನ್ನು ಕೊಡುವ ಕೊಚಿನೀಲ್ ಹುಳುವಿಗೆ ಅದು ಆಹಾರ. 1795ರಲ್ಲಿ ಕಲ್ಕತ್ತೆಗೆ ತಂದ ಹುಳುವು ಬಣ್ಣಕ್ಕೆ ಒದಗುವ ಒಳ್ಳೆಯ ಜಾತಿಯದಾಗಿರಲಿಲ್ಲ. ಆದರೂ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಹಾಕಿತು. ಬೇಲಿಗೆಂದು ನೆಟ್ಟ ಮತ್ತೊಂದು ಜಾತಿಯು ದಕ್ಷಿಣದಲ್ಲಿ ಗೋಮಾಳಗಳನ್ನೂ ಹೊಲಗಳನ್ನೂ ಆಕ್ರಮಿಸಿತು. ಕಡೆಗೆ 1926ರಲ್ಲಿ ಸಿಂಹಳದಿಂದ ಬೇರೊಂದು ಹುಳುವನ್ನು ತರಿಸಿ ಬಿಟ್ಟ ಮೇಲೆಯೇ ಅದು ಹತೋಟಿಗೆ ಬಂದಿತು.

ಇಷ್ಟಾದರೂ ಪಾಠವು ಮನಸ್ಸಿಗೆ ನಾಟಲಿಲ್ಲ. ಇಂದು ಬಳ್ಳಾರಿ ಜಾಲಿಯೆಂದು ಕರೆಯಿಸಿಕೊಳ್ಳುವ ಗಿಡದ ಬೀಜವು 1877ರ ಸುಮಾರಿಗೆ ಜಮೇಕಾ ದ್ವೀಪದಿಂದ ಕಡಪ ಜಿಲ್ಲೆಯ ಕಮಲಾಪುರಕ್ಕೆ ಬಂದಿತು. ನೀರಿಲ್ಲದೆಯೂ ಬೆಳೆಯುವುದು, ಉರುವಲಿಗೆ ಒದಗುವುದು, ಬೇಗನೆ ಮರೆಯನ್ನು ಕೊಡುವುದು; ಇಷ್ಟು ಗುಣಗಳನ್ನು ಕಂಡವರು ಅದನ್ನು ಆದರಿಸಿದರು. ಆಡುದನಗಳು ಕಾಯನ್ನು ತಿಂದು ಸಗಣಿ ಹಿಕ್ಕೆಗಳ ಮೂಲಕ ಬೀಜವನ್ನು ಹಳ್ಳಕೊಳ್ಳಗಳಿಗೂ ಬೀಳುಹೊಲಗಳಿಗೂ ಹರಡಿದವು. ಬೇಲಿಯೇ ಹೊಲ ಮೇಯಿತೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಯಿತು. ಗಿಡವು ತನ್ನ ಮೇರೆಯೊಳಗೆ ನಿಲ್ಲುವುದೇ ಎಂಬುದೇ ಆ ಮೂರನೆಯ ಪರೀಕ್ಷೆ.

ಈ ಮೂರು ಪರೀಕ್ಷೆಗಳಿಗೂ ಒಪ್ಪುವ ಗಿಡಗಳು ಈ ಸೀಮೆಯಲ್ಲಿ ದುರ್ಲಭವಲ್ಲ. ಹೊಲದಂಚಿಗೆ ಬಾರಿ, ಕರಿಜಾಲಿ, ಹಳ್ಳದ ಬದಿಗೆ ದನ ಮುಟ್ಟದ ಲೆಕ್ಕಿ, ಕಲ್ಲುಭೂಮಿಗೆ ಬಂದರಿಕೆ, ಮನೆಯ ಬಳಿಗೆ ಕತ್ತರಿಸಿದಷ್ಟೂ ದಟ್ಟವಾಗುವ ಮದರಂಗಿ. ಹಿತ್ತಲಲ್ಲಿ ಆಗಲೇ ಬೇವು, ಹುಣಿಸೆಗಳ ತೋಪಿದ್ದರೆ ಅಲ್ಲಿ ಬೇರೆಯ ವಿವೇಚನೆ ಬೇಕು. ದೊಡ್ಡ ಮರವು ಮೇಲೆ ಮರೆಯಾದರೂ ಕೆಳಗೆ ಬೋಳು. ಅದರ ನೆರಳಿನಲ್ಲಿ ಬಿಸಿಲನ್ನು ಬಯಸುವ ಗಿಡಗಳ ಬುಡವು ತೆರವಾಗಿ, ನಾಯಿಹಂದಿಗಳ ಪರೀಕ್ಷೆಯಲ್ಲಿ ಬೇಲಿಯು ಸೋಲುತ್ತದೆ. ಅಂತಹ ಎಡೆಗೆ ನೆರಳನ್ನು ಸಹಿಸುವ ಆಡುಸೋಗೆಯು ಲೇಸು. ಅದನ್ನು ದನಗಳು ಮೇಯುವುದಿಲ್ಲ, ಮನೆಮದ್ದಿಗೂ ಅದರ ಎಲೆ ಒದಗುತ್ತದೆ. ಎರಡು ಸಾಲುಗಳಾಗಿ, ಒಂದರ ಸಂದಿಗೆ ಇನ್ನೊಂದು ಬರುವಂತೆ ನೆಟ್ಟು, ಎಳೆಯದರಲ್ಲಿಯೇ ತುದಿಯನ್ನು ಚಿವುಟಿದರೆ ಬುಡದಿಂದಲೇ ಕವಲೊಡೆಯುವುದು.

ದೇವಲ ಗಾಣಗಾಪುರದಲ್ಲಿ ಭೀಮಾ ಅಮರ್ಜೆಗಳ ಸಂಗಮದ ಬಳಿ ಔದುಂಬರ ವೃಕ್ಷದ ನೆರಳಿನಲ್ಲಿ ಕುಳಿತು ಪಾರಾಯಣ ಮಾಡುವವರನ್ನು ಇಂದಿಗೂ ಕಾಣಬಹುದು. ಆ ಏಕಾಂತಕ್ಕೆ ಗೋಡೆ ಬೇಕಾಗಿಲ್ಲ. ನೆಲದ ಗುಣವನ್ನರಿತು ನಿಂತ ಮರವೊಂದೇ ಸಾಕಾಗಿದೆ. ಅವಸರದ ಮರೆಯನ್ನು ಬಯಸಿ ನೆಟ್ಟ ಗಿಡವನ್ನು ಮಕ್ಕಳು ಮೊಮ್ಮಕ್ಕಳು ಕೀಳಬೇಕಾಗುವುದು. ಸಾವಕಾಶವಾಗಿ ಬೆಳೆಯುವ ನಾಡಗಿಡದ ಬೇಲಿಯು ಅವರಿಗೂ ನೆರಳಾಗಿ ಉಳಿಯುವುದು.