ಹಗರಣದ ಸುದ್ದಿ, ನೀತಿಯ ಪಠ್ಯ: ಜಪಾನಿನ ಶಾಲಾ ನೀತಿಶಿಕ್ಷಣ ಮತ್ತು ಪತ್ರಿಕೆಗಳು

ಜಪಾನಿನ ಶಾಲೆಗಳ ನೀತಿಶಿಕ್ಷಣದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಸರ್ಕಾರಿ ಆಜ್ಞೆಗಳ ಜಾಡು ಹಿಡಿಯುತ್ತಾರೆ. 1890ರ ಅಕ್ಟೋಬರ್ 30ರಂದು ಚಕ್ರವರ್ತಿ ಹೊರಡಿಸಿದ ಶಿಕ್ಷಣ ಶಾಸನ, 1945ರ ಡಿಸೆಂಬರ್ 31ರಂದು ಮಿತ್ರಪಡೆಗಳ ಆಡಳಿತ ‘ಶೂಶಿನ್’ ಎಂಬ ನೀತಿಪಾಠವನ್ನು ನಿಲ್ಲಿಸಿದ್ದು, 1958ರಲ್ಲಿ ಅದು ‘ದೋತೊಕು’ ಎಂಬ ಹೆಸರಿನಲ್ಲಿ ವಾರಕ್ಕೊಂದು ಪೀರಿಯಡ್ಡಾಗಿ ಮರಳಿದ್ದು, 2018ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಪಠ್ಯಪುಸ್ತಕವುಳ್ಳ ವಿಷಯವಾದದ್ದು, ಇವೇ ಅವರ ಮೈಲಿಗಲ್ಲುಗಳು. ಪತ್ರಿಕೆಗಳ ಪ್ರಸ್ತಾಪ ಬಂದರೂ ಅದು ಸಂಪಾದಕೀಯಗಳಿಗೆ ಸೀಮಿತ: ಅಸಾಹಿ, ಮೈನಿಚಿ ಆಕ್ಷೇಪಿಸಿದವು, ಯೋಮಿಯುರಿ, ಸಾಂಕೇ ಬೆಂಬಲಿಸಿದವು ಎಂಬಷ್ಟಕ್ಕೆ. ಆದರೆ ಈ ಚರಿತ್ರೆಯ ತಿರುವುಗಳನ್ನು ತಂದದ್ದು ಸಂಪಾದಕೀಯವಲ್ಲ, ಮುಖಪುಟದ ಪ್ರಕರಣ ಎಂಬುದು ನನ್ನ ವಾದ. ರೋಗ ಯಾವುದೆಂದು ಸುದ್ದಿ ಹೇಳಿತೋ, ಅದಕ್ಕೆ ತಕ್ಕ ಮದ್ದನ್ನೇ ಸರ್ಕಾರ ಕೊಟ್ಟಿತು.

ಇದು ಅತ್ಯಂತ ನಿಚ್ಚಳವಾಗಿ ಕಾಣುವುದು 1902ರ ಪಠ್ಯಪುಸ್ತಕ ಹಗರಣದಲ್ಲಿ. 1886ರಿಂದ ಖಾಸಗಿ ಪ್ರಕಾಶಕರು ಬರೆಸಿ, ಶಿಕ್ಷಣ ಇಲಾಖೆಯ ಒಪ್ಪಿಗೆ ಪಡೆದ ಪುಸ್ತಕಗಳು ಶಾಲೆಗಳಲ್ಲಿ ನಡೆಯುತ್ತಿದ್ದವು. ಅವುಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಪ್ರಾಂತ್ಯಗಳ ಆಯ್ಕೆ ಸಮಿತಿಗಳು ತೀರ್ಮಾನಿಸುತ್ತಿದ್ದವು. ಒಂದು ಪ್ರಾಂತ್ಯದ ಆಯ್ಕೆಯೆಂದರೆ ವರ್ಷಗಟ್ಟಲೆ ಖಚಿತ ಮಾರಾಟ. ಲಂಚಕ್ಕೆ ಇದಕ್ಕಿಂತ ಹದವಾದ ನೆಲ ಬೇಕಿರಲಿಲ್ಲ. ಆ ಡಿಸೆಂಬರಿನಲ್ಲಿ ಶೋಧ, ಬಂಧನಗಳು ಆರಂಭವಾದಾಗ ಪ್ರಾಂತ್ಯಾಧಿಕಾರಿಗಳು, ಶಾಲಾ ತನಿಖಾಧಿಕಾರಿಗಳು, ಶಿಕ್ಷಕ ತರಬೇತಿ ಶಾಲೆಗಳ ಮುಖ್ಯಸ್ಥರು ಸೇರಿ ನೂರಕ್ಕೂ ಹೆಚ್ಚು ಮಂದಿ ವಿಚಾರಣೆಗೆ ಒಳಗಾದರು. ನೀತಿಪಾಠದ ಪುಸ್ತಕವನ್ನೇ ಲಂಚ ಕೊಟ್ಟು ಮಾರುತ್ತಾರೆಂಬ ಸುದ್ದಿಗೆ ಜನ ಕೆರಳಿದ್ದು ಸಹಜ. ಆದರೆ ಆ ಸುದ್ದಿಯಲ್ಲಿ ಅಪರಾಧಿ ಪ್ರಕಾಶಕ, ಅವನ ಜೊತೆಗಾರ ಸ್ಥಳೀಯ ಅಧಿಕಾರಿ. ಕೇಂದ್ರದ ಇಲಾಖೆ ಆ ಕೊಳೆಯನ್ನು ತೊಳೆಯಬೇಕಾದ ಕೈ. 1903ರ ಏಪ್ರಿಲ್‌ನಲ್ಲಿ ಆಜ್ಞೆ ತಿದ್ದುಪಡಿಯಾಯಿತು. 1904ರಿಂದ ಇಡೀ ದೇಶಕ್ಕೆ ಸರ್ಕಾರವೇ ಬರೆಸಿದ ಒಂದೇ ಶೂಶಿನ್ ಪುಸ್ತಕ ಬಂತು. 1910ರ ಪರಿಷ್ಕರಣೆಯಲ್ಲಿ ತಂದೆತಾಯಿಯ ಮೇಲಿನ ಭಕ್ತಿಯನ್ನೂ ಚಕ್ರವರ್ತಿಯ ಮೇಲಿನ ನಿಷ್ಠೆಯನ್ನೂ ಒಂದೇ ದಾರದಲ್ಲಿ ಪೋಣಿಸಲು ಬೇರೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಸರ್ಕಾರವೇ ನೀತಿಪುಸ್ತಕ ಬರೆಸಬೇಕೆಂಬ ಬೇಡಿಕೆ 1890ರ ದಶಕದಲ್ಲೇ ಸಂಸತ್ತಿನಲ್ಲಿ ಎದ್ದಿತ್ತು. ಹಾಗಿರುವಾಗ ಪತ್ರಿಕೆಗಳನ್ನು ದೂರುವುದು ಸರಿಯೇ? ಉದ್ದೇಶ ಮೊದಲೇ ಇತ್ತೆಂಬುದು ನಿಜ. ಆದರೆ ವರ್ಷಗಟ್ಟಲೆ ಅದು ಉದ್ದೇಶವಾಗಿಯೇ ಉಳಿದಿತ್ತು. ಹಗರಣವಾದ ಕೆಲವೇ ತಿಂಗಳಲ್ಲಿ ಆಜ್ಞೆಯಾಯಿತು. ನೂರು ವರ್ಷಗಳ ಮೇಲೆ ಇದೇ ವಿನ್ಯಾಸ ಮರುಕಳಿಸಿದ್ದನ್ನು ಕಾಕತಾಳೀಯ ಎನ್ನುವುದು ಕಷ್ಟ. 2007ರಲ್ಲಿ ಅಬೆ ಶಿಂಜೋ ಅವರ ಮೊದಲ ಸರ್ಕಾರದ ಶಿಕ್ಷಣ ಪುನಶ್ಚೇತನ ಮಂಡಳಿ ನೀತಿಶಿಕ್ಷಣವನ್ನು ವಿಷಯವಾಗಿಸಲು ಸೂಚಿಸಿತು. ಅದು ಜಾರಿಗೆ ಬರಲಿಲ್ಲ. 2011ರ ಅಕ್ಟೋಬರಿನಲ್ಲಿ ಓತ್ಸು ನಗರದಲ್ಲಿ ಸಹಪಾಠಿಗಳ ಕಿರುಕುಳಕ್ಕೆ ಒಳಗಾಗಿದ್ದ ಬಾಲಕನೊಬ್ಬ ಜೀವ ಕಳೆದುಕೊಂಡ. ಮರುವರ್ಷದ ಜುಲೈನಲ್ಲಿ ಶಾಲೆಯ ಸಮೀಕ್ಷೆಯ ಉತ್ತರಗಳು ಹೊರಬಿದ್ದು ದೇಶವೇ ತಲ್ಲಣಿಸಿತು. 2013ರ ಫೆಬ್ರವರಿಯಲ್ಲಿ ಅಬೆ ಅವರ ಎರಡನೇ ಸರ್ಕಾರದ ಮಂಡಳಿ, ಕಿರುಕುಳಕ್ಕೆ ಪರಿಹಾರವೆಂದು ಅದೇ ಹಳೆಯ ಸಲಹೆಯನ್ನು ಮುಂದಿಟ್ಟಿತು. ಈ ಸಲ ಅದು ಜಾರಿಗೆ ಬಂತು. ಆದರೆ ಆ ಬಾಲಕನ ಶಾಲೆ ಕೆಲವೇ ವರ್ಷಗಳ ಹಿಂದೆ ನೀತಿಶಿಕ್ಷಣದ ಪ್ರಯೋಗಕ್ಕೆಂದು ಸಚಿವಾಲಯದಿಂದಲೇ ಆಯ್ಕೆಯಾಗಿತ್ತು. ರೋಗನಿರ್ಣಯವನ್ನೇ ಬುಡಮೇಲು ಮಾಡಬಲ್ಲ ಈ ಸಂಗತಿ ಆ ದುಃಖದ ಭರದಲ್ಲಿ ನೀತಿಯ ದಿಕ್ಕನ್ನು ಬದಲಿಸಲಿಲ್ಲ.

ಪತ್ರಿಕೆಗಳು ತಡೆದ ಉದಾಹರಣೆಯೂ ಇದೆಯಲ್ಲ ಎಂದು ಕೇಳಬಹುದು. ಇದೆ. 1951ರಲ್ಲಿ ಶಿಕ್ಷಣ ಸಚಿವ ಅಮಾನೊ ತೇಯ್ಯೂ ಪ್ರಜೆಗಳ ನೈತಿಕ ನಡವಳಿಕೆಯ ಸೂತ್ರಪಠ್ಯವೊಂದನ್ನು ಸಿದ್ಧಪಡಿಸಿದರು. ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಟೀಕೆಯ ಮಳೆಯಾಗಿ ಅದನ್ನು ಕೈಬಿಡಬೇಕಾಯಿತು. 1890ರ ಶಿಕ್ಷಣ ಶಾಸನದ ನೆನಪು ಇನ್ನೂ ಹಸಿಯಾಗಿತ್ತೆಂಬುದು ಒಂದು ಕಾರಣ. ಇನ್ನೊಂದು, ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದದ್ದು: ಅಂದು ಚರ್ಚೆಗೆ ಬಂದದ್ದು ಪ್ರಕರಣವಲ್ಲ, ಪಠ್ಯ, ಅದೂ ತೀರ್ಮಾನಕ್ಕೆ ಮೊದಲು. 2017ರ ಮಾರ್ಚ್‌ನಲ್ಲಿ ಹೊಸ ಪುಸ್ತಕಗಳ ಪರಿಶೀಲನೆಯ ಫಲಿತಾಂಶ ಹೊರಬಂದಾಗಲೂ ಪತ್ರಿಕೆಗಳು ಪಠ್ಯವನ್ನು ಓದಿದವು. ಒಂದನೇ ತರಗತಿಯ ಪಾಠವೊಂದರಲ್ಲಿದ್ದ ಬೇಕರಿ ಜಪಾನಿ ಸಿಹಿತಿಂಡಿಯ ಅಂಗಡಿಯಾಗಿ ಮಾರ್ಪಟ್ಟದ್ದು ಮನೆಮಾತಾಯಿತು. ಬೇಕರಿ ತೆಗೆಯಿರಿ ಎಂದು ಸಚಿವಾಲಯ ಹೇಳಿರಲಿಲ್ಲ. ನಾಡಿನ ಸಂಪ್ರದಾಯದ ಮೇಲಿನ ಅಕ್ಕರೆ ಸಾಲದು ಎಂದಷ್ಟೇ ಅದರ ಅಭಿಪ್ರಾಯ. ಪ್ರಕಾಶಕರೇ ಊಹಿಸಿ ತಿದ್ದಿದರು. ಒಪ್ಪಿಗೆಯ ಅಧಿಕಾರ ಹೇಗೆ ಕೆಲಸ ಮಾಡುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ವರದಿಗಾರಿಕೆಯನ್ನು ಮೆಚ್ಚಲೇಬೇಕು. ಆದರೆ ನೀತಿಶಿಕ್ಷಣವನ್ನು ವಿಷಯವಾಗಿಸಿ, ಮಗುವಿನ ನೈತಿಕ ಬೆಳವಣಿಗೆಯನ್ನು ಶಿಕ್ಷಕರು ಅಂಕವಿಲ್ಲದೆ ವಾಕ್ಯಗಳಲ್ಲಿ ಬರೆದು ದಾಖಲಿಸಬೇಕೆಂದು ಗೊತ್ತುಮಾಡಿದ ಪಠ್ಯಕ್ರಮ 2015ರ ಮಾರ್ಚ್‌ನಲ್ಲೇ ಹೊರಬಿದ್ದಿತ್ತು. ಆ ಓದು ಎರಡು ವರ್ಷ ತಡವಾಗಿತ್ತು. 2018ರ ಏಪ್ರಿಲ್‌ನಲ್ಲಿ ಮಕ್ಕಳ ಕೈಗೆ ಬಂದ ಪುಸ್ತಕದಲ್ಲಿ ಸಿಹಿತಿಂಡಿಯ ಅಂಗಡಿಯೇ ಇತ್ತು.