ಮುಹಾಜಿರರ ತವರಿನ ಹಂಬಲ

ಕ್ರಿ.ಶ. 622ರಲ್ಲಿ ಮಕ್ಕಾವನ್ನು ತೊರೆದು ಮದೀನಾ ಸೇರಿದ ಮುಹಾಜಿರರನ್ನು ಅಲ್ಲಿನ ಜ್ವರ ಕಾಡಿತು. ಹ. ಅಬೂಬಕರ್(ರ) ಮತ್ತು ಹ. ಬಿಲಾಲ್(ರ) ಇಬ್ಬರೂ ಹಾಸಿಗೆ ಹಿಡಿದರು. ಒಬ್ಬರು ಕುರೈಶರ ಗಣ್ಯ ವರ್ತಕರು; ಇನ್ನೊಬ್ಬರು ಮಕ್ಕಾದಲ್ಲಿ ಗುಲಾಮರಾಗಿ ಚಿತ್ರಹಿಂಸೆ ಅನುಭವಿಸಿ, ಅಬೂಬಕರ್‌ರಿಂದಲೇ ವಿಮೋಚನೆಗೊಂಡವರು. ಆದರೂ ಜ್ವರ ಇಳಿದಾಗ ಬಿಲಾಲ್ ಹಂಬಲಿಸಿದ್ದು ತಮ್ಮನ್ನು ಪೀಡಿಸಿದ ಆ ಊರಿನ ಕಣಿವೆ, ಹುಲ್ಲು, ನೀರು, ಬೆಟ್ಟಗಳಿಗಾಗಿಯೇ.

ಇದನ್ನರಿತ ಪ್ರವಾದಿ(ಸ) ಅವರನ್ನು ಗದರಲಿಲ್ಲ. ಮದೀನಾವನ್ನು ನಮಗೆ ಮಕ್ಕಾದಷ್ಟೇ ಅಥವಾ ಅದಕ್ಕಿಂತಲೂ ಪ್ರಿಯವಾಗಿಸೆಂದು ಅಲ್ಲಾಹನಲ್ಲಿ ಪ್ರಾರ್ಥಿಸಿದರು.

ಹಿಜ್‌ರತ್ ಸ್ಥಾನಮಾನಗಳನ್ನೂ ಅಳಿಸಿತ್ತು. ವ್ಯಾಪಾರಿಯಾಗಿದ್ದ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರಿ ಸಹೋದರ ಹ. ಸಅದ್ ಬಿನ್ ರಬೀಅ್(ರ) ತಮ್ಮ ಅರ್ಧ ಸಂಪತ್ತನ್ನೇ ನೀಡಮುಂದಾದರು. ಅವರು ಸಅದ್‌ರನ್ನು ಹರಸಿ, ಮಾರುಕಟ್ಟೆಯ ದಾರಿ ಕೇಳಿದರು. ತುಪ್ಪ ಮತ್ತು ಒಣಮೊಸರಿನ ವ್ಯಾಪಾರದಿಂದ ಮತ್ತೆ ಬದುಕು ಕಟ್ಟಿಕೊಂಡರು.

630ರಲ್ಲಿ ಮಕ್ಕಾ ವಿಜಯವಾದಾಗ ಕಅಬಾದ ಮೇಲೇರಿ ಅದಾನ್ ಮೊಳಗಿಸಿದವರು ಅದೇ ಬಿಲಾಲ್. ಆದರೆ ಪ್ರವಾದಿ(ಸ) ತವರಲ್ಲಿ ಉಳಿಯದೆ, ಆಶ್ರಯವಿತ್ತ ಅನ್ಸಾರರ ಜೊತೆ ಮದೀನಾಕ್ಕೆ ಮರಳಿದರು.

ಹುಟ್ಟೂರಿಗಾಗಿ ಮಿಡಿಯುವುದು ಈಮಾನಿನ ದೌರ್ಬಲ್ಯವಲ್ಲ. ಮನುಷ್ಯನ ಘನತೆಯಾದರೋ ಅವನು ಬಿಟ್ಟುಬಂದ ಆಸ್ತಿಯಲ್ಲಾಗಲಿ, ಮನೆತನದಲ್ಲಾಗಲಿ ಇಲ್ಲ. ಅದು ಅವನ ತಖ್ವಾದಲ್ಲಿದೆ.